ಬೆಂಕಿ ತಾಗದೆ ಕಾದ ಮೊಳೆ

ಹಳೆಯ ವಾಲ್ವ್ ರೇಡಿಯೋದ ಹಿಂಬದಿಯ ರಟ್ಟು ಬಿಚ್ಚಿ ಒಳಗೆ ಇಣುಕಿದವರು ಒಂದನ್ನು ಗಮನಿಸಿರುತ್ತಾರೆ. ಗಾಜಿನ ವಾಲ್ವುಗಳ ನೆತ್ತಿಯ ಒಳಮೈಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿಬಣ್ಣದ ಕಲೆಯೊಂದು ಇರುತ್ತದೆ. ಅದು ಬೇರಿಯಂ ಲೋಹದ ತೆಳುವಾದ ಲೇಪ. ಒಳಗೆ ಅಳಿದುಳಿದ ಅನಿಲವನ್ನು ಹೀರಿಕೊಂಡು ನಿರ್ವಾತವನ್ನು ಕಾಯುವುದು ಅದರ ಕೆಲಸ. ಗಾಜು ಬಿರುಕುಬಿಟ್ಟು ಗಾಳಿ ನುಗ್ಗಿದರೆ ಬೆಳ್ಳಿಯ ಹೊಳಪು ಹೋಗಿ ಹಾಲಿನಂಥ ಬಿಳುಪು ಬರುತ್ತದೆ. ಗುಜರಿ ಅಂಗಡಿಯಲ್ಲಿ ವಾಲ್ವ್ ಆರಿಸುವ ಅನುಭವಿಗಳು ಮೊದಲು ನೋಡುವುದು ಇದನ್ನೇ.

ಈ ಕಲೆ ಅಲ್ಲಿಗೆ ಬಂದದ್ದು ಹೇಗೆ ಎಂಬುದು ಸ್ವಾರಸ್ಯದ ಪ್ರಶ್ನೆ. ಬೇರಿಯಂ ಆವಿಯಾಗಬೇಕಾದದ್ದು ವಾಲ್ವಿನ ಗಾಳಿಯನ್ನೆಲ್ಲ ಹೊರಗೆಳೆದ ಮೇಲೆ. ಆಗ ಒಳಗೆ ಕೈಯಾಡಿಸುವಂತಿಲ್ಲ. ಹೊರಗಿನಿಂದ ಬೆಂಕಿ ಹಿಡಿದರೆ ಮೊದಲು ಮೆತ್ತಗಾಗುವುದು ಗಾಜು. ಕಾರ್ಖಾನೆಯವರು ಮಾಡುತ್ತಿದ್ದ ಉಪಾಯ ಇಷ್ಟು: ವಾಲ್ವಿನ ಸುತ್ತ ತಾಮ್ರದ ಸುರುಳಿಯೊಂದನ್ನು ಇಳಿಸಿ, ಅದರಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ದಿಕ್ಕು ಬದಲಿಸುವ ವಿದ್ಯುತ್ತನ್ನು ಹರಿಸುವುದು. ಗಾಜಿಗೆ ಏನೂ ಆಗದು, ಒಳಗಿರುವ ಪುಟ್ಟ ಲೋಹದ ಉಂಗುರ ಮಾತ್ರ ಕೆಂಪಗೆ ಕಾದು ಬೇರಿಯಂ ಆವಿಯಾಗಿ ಚಿಮ್ಮುತ್ತದೆ. ವಾಲ್ವುಗಳ ಕಾಲದಲ್ಲಿ ಅಂಥ ವಿದ್ಯುತ್ತನ್ನು ಹುಟ್ಟಿಸುತ್ತಿದ್ದುದೂ ದೊಡ್ಡ ವಾಲ್ವುಗಳೇ. ವಾಲ್ವಿನ ಕಾವಿನಿಂದ ವಾಲ್ವು ಹುಟ್ಟುತ್ತಿತ್ತು! ಬೆಂಗಳೂರಿನ ಜಾಲಹಳ್ಳಿಯ ಬಿ.ಇ.ಎಲ್.ನಲ್ಲಿ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭವಾಯಿತು. ಅಜ್ಜನ ಕಾಲದ ರೇಡಿಯೋ ಮನೆಯ ಅಟ್ಟದಲ್ಲಿದ್ದರೆ ಅವುಗಳಲ್ಲಿ ಒಂದೆರಡು ಸಿಕ್ಕರೂ ಸಿಗಬಹುದು.

ಇದರ ಮೂಲ ಭೌತಶಾಸ್ತ್ರದ ಪಾಠದಲ್ಲೇ ಇದೆ. ಬದಲಾಗುತ್ತಿರುವ ಕಾಂತಕ್ಷೇತ್ರ ಹತ್ತಿರದ ವಾಹಕದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ ಎಂದು ಮೈಕೇಲ್ ಫ್ಯಾರಡೆ ಕಂಡುಕೊಂಡದ್ದು 1831ರಲ್ಲಿ. ಆಯಸ್ಕಾಂತದ ಧ್ರುವಗಳ ನಡುವೆ ತಿರುಗಿಸಿದ ತಾಮ್ರದ ಬಿಲ್ಲೆ ಬಿಸಿಯಾಗುವುದನ್ನು ಫ್ರಾನ್ಸಿನ ಫೂಕೋ 1855ರಲ್ಲಿ ತೋರಿಸಿದ. ಲೋಹದ ಗಟ್ಟಿಯೊಳಗೆ ನದಿಯ ಮಡುವಿನಲ್ಲಿ ಸುತ್ತುವ ನೀರಿನಂತೆ ವಿದ್ಯುತ್ತು ಸುತ್ತುತ್ತದೆ. ಸುಳಿ ಪ್ರವಾಹ ಎಂಬ ಹೆಸರು ಅದಕ್ಕೆ ಒಪ್ಪುತ್ತದೆ. ಲೋಹದ ರೋಧವೇ ಆ ಸುಳಿಯನ್ನು ಶಾಖವಾಗಿಸುತ್ತದೆ. ಇಂದು ಅಡುಗೆಮನೆಯ ಇಂಡಕ್ಷನ್ ಒಲೆಯಲ್ಲಿ ನಡೆಯುವುದೂ ಇದೇ. ಅಮ್ಮ ಅದರ ಮೇಲೆ ಅಲ್ಯುಮಿನಿಯಂ ಪಾತ್ರೆ ಇಟ್ಟಾಗ ಒಲೆ ಏಕೆ ಮುಷ್ಕರ ಹೂಡುತ್ತದೆ ಎಂಬುದು ವಿದ್ಯಾರ್ಥಿಗಳು ಯೋಚಿಸಬೇಕಾದ ಪ್ರಶ್ನೆ.

ಮನೆಯಲ್ಲೇ ಇಂಥದೊಂದು ಪುಟ್ಟ ಕಾಯಿಸುವ ಯಂತ್ರವನ್ನು ವಾಲ್ವಿನಿಂದ ಕಟ್ಟುವ ಹವ್ಯಾಸಿಗಳಿದ್ದಾರೆ. ಅವರ ಕೈಗೆ ಒಗ್ಗುವ ವಾಲ್ವುಗಳಲ್ಲಿ 807 ಒಂದು. ಅಮೆರಿಕದ ಆರ್‌ಸಿಎ ಕಂಪನಿ 1930ರ ದಶಕದಲ್ಲಿ ಹೊರತಂದ ಇದು ಎರಡನೆಯ ಮಹಾಯುದ್ಧದ ಟ್ರಾನ್ಸ್‌ಮಿಟರುಗಳಲ್ಲಿ ದುಡಿದು, ಆಮೇಲೆ ಹವ್ಯಾಸಿ ರೇಡಿಯೋದವರ ಪಾಲಾಯಿತು. 600 ವೋಲ್ಟ್ ಕೊಟ್ಟು ಒಂದೊಂದರಲ್ಲಿ 100 ಮಿಲಿಆಂಪಿಯರ್ ಹರಿಸಿದರೆ ಎರಡು ವಾಲ್ವು ಸೇರಿ 120 ವ್ಯಾಟ್ ಎಳೆಯುತ್ತವೆ. ಅದರಲ್ಲೊಂದು ಪಾಲು ವಾಲ್ವಿನಲ್ಲೇ, ಇನ್ನೊಂದು ಪಾಲು ಸುರುಳಿಗಳಲ್ಲೇ ಸೋರಿಹೋಗುತ್ತದೆ. ಮೊಳೆಗೆ 30 ವ್ಯಾಟ್ ದಕ್ಕಿದರೂ ನಷ್ಟವಿಲ್ಲ. ಮೂರು ಮಿಲಿಮೀಟರ್ ದಪ್ಪದ ಮೊಳೆಯ ಎರಡು ಸೆಂಟಿಮೀಟರ್ ಉದ್ದವನ್ನು ಕೆಂಪಗೆ ಇಡಲು ಅಷ್ಟು ಸಾಕು.

ಯಂತ್ರದ ಹೃದಯ ಒಂದು ಸುರುಳಿ ಮತ್ತು ಒಂದು ಕೆಪಾಸಿಟರ್. ವಿದ್ಯುತ್ತು ಇವೆರಡರ ನಡುವೆ ಉಯ್ಯಾಲೆಯಂತೆ ಜೀಕುತ್ತದೆ. ವಾಲ್ವಿನ ಗ್ರಿಡ್ಡಿಗೆ ಸುರುಳಿಯಿಂದ ಒಂದು ಸಣ್ಣ ಪಾಲು ಹಿಂದಿರುಗುತ್ತದೆ. ಅದನ್ನು ನೋಡಿಕೊಂಡು ವಾಲ್ವು ಪ್ರತಿ ಜೀಕಿಗೂ ಸರಿಯಾದ ಹೊತ್ತಿಗೆ ಒಂದು ನೂಕು ಕೊಡುತ್ತದೆ. ಕೆಪಾಸಿಟರುಗಳು ಅಭ್ರಕದವು ಅಥವಾ ದೊಡ್ಡ ಸಿರಾಮಿಕ್‌ನವೇ ಆಗಬೇಕು. ಸಾಮಾನ್ಯ ಕಾಗದದ ಕೆಪಾಸಿಟರ್ ಹಾಕಿದರೆ ಮೊಳೆಗಿಂತ ಮೊದಲು ಅದೇ ಬೇಯುತ್ತದೆ.

ಆದರೆ ಮೊಳೆಯನ್ನು ಈ ಸುರುಳಿಯೊಳಗೇ ಇಡುವುದು ಜಾಣತನವಲ್ಲ. ವಾಲ್ವು ಕೊಡುವುದು ಹೆಚ್ಚು ವೋಲ್ಟೇಜು, ಕಡಿಮೆ ಕರೆಂಟು. ಮೊಳೆಗೆ ಬೇಕಾದದ್ದು ಇದರ ತಿರುಗುಮುರುಗು. ಆದ್ದರಿಂದ ದೊಡ್ಡ ಸುರುಳಿಯ ಮಗ್ಗುಲಲ್ಲಿ ಒಂದೆರಡೇ ಸುತ್ತಿನ ಇನ್ನೊಂದು ಸುರುಳಿಯಿಟ್ಟು ಟ್ರಾನ್ಸ್‌ಫಾರ್ಮರಿನಂತೆ ಇಳಿಸಿಕೊಂಡು, ಅಲ್ಲಿಂದ ಕೆಲಸದ ಸುರುಳಿಗೆ ಕೊಡಬೇಕು. ಇದರಿಂದ ಇನ್ನೊಂದು ದೊಡ್ಡ ಉಪಕಾರವಿದೆ: ಕೈಯಳತೆಯಲ್ಲಿರುವ ಸುರುಳಿಗೂ 600 ವೋಲ್ಟಿಗೂ ತಂತಿಯ ಸಂಬಂಧವೇ ಇರುವುದಿಲ್ಲ.

ಕೆಲಸದ ಸುರುಳಿಯನ್ನು ಫ್ರಿಜ್ಜಿಗೆ ಬಳಸುವ ಕಾಲಿಂಚು ತಾಮ್ರದ ಕೊಳವೆಯಿಂದ ಮಾಡುತ್ತಾರೆ. ಒಳಗೆ ನುಣ್ಣನೆಯ ಮರಳು ತುಂಬಿ ಬಗ್ಗಿಸಿದರೆ ಕೊಳವೆ ಚಪ್ಪಟೆಯಾಗದು. ಟೊಳ್ಳು ಕೊಳವೆ ಏಕೆ? ಮನೆಯ 50 ಹರ್ಟ್ಜ್ ವಿದ್ಯುತ್ತು ತಾಮ್ರದಲ್ಲಿ ಸುಮಾರು 9 ಮಿಲಿಮೀಟರ್ ಆಳದವರೆಗೆ ಹರಡಿ ಹರಿಯುತ್ತದೆ. ಸೆಕೆಂಡಿಗೆ 4 ಲಕ್ಷ ಬಾರಿ ಕಂಪಿಸುವ ವಿದ್ಯುತ್ತಾದರೋ ಹೊರಮೈಯ 0.1 ಮಿಲಿಮೀಟರಿನಲ್ಲೇ ತೆವಳುತ್ತದೆ. ನಡುವಿನ ತಾಮ್ರ ಇದ್ದೂ ಇಲ್ಲದಂತೆ. ಆ ಟೊಳ್ಳಿನಲ್ಲಿ ತಣ್ಣೀರು ಹರಿಸಿಕೊಂಡರಾಯಿತು. ಕಾರ್ಖಾನೆಗಳಲ್ಲಿ ಗೇರುಗಳ ಹಲ್ಲಿನ ಮೇಲ್ಮೈಯನ್ನಷ್ಟೇ ಕಾಯಿಸಿ ಹದಗೊಳಿಸುವುದೂ ಈ ಗುಣದಿಂದಲೇ. ಹೊರಗೆ ಗಡುಸು, ಒಳಗೆ ಹಿಂದಿನ ಬಾಗುಗುಣ.

ಇಂದು ಇಷ್ಟೆಲ್ಲ ಪಾಡು ಏಕೆ ಎಂದು ತಂದೆತಾಯಿ ಕೇಳಿದರೆ ಅದು ನ್ಯಾಯವೇ. ಟ್ರಾನ್ಸಿಸ್ಟರಿನ ಜಾತಿಗೆ ಸೇರಿದ ಮಾಸ್ಫೆಟ್‌ಗಳಿಂದ 12 ವೋಲ್ಟಿನಲ್ಲಿ ನಡೆಯುವ ಸಣ್ಣ ಫಲಕಗಳು ಅಗ್ಗಕ್ಕೆ ಸಿಗುತ್ತವೆ. ಪಿಯುಸಿ ಹುಡುಗರು ಶುರುಮಾಡಬೇಕಾದದ್ದು ಅವುಗಳಿಂದಲೇ. ವಾಲ್ವಿನ ಹೆಚ್ಚುಗಾರಿಕೆ ಅದರ ಸಹನೆ. ತಪ್ಪಾದರೆ ಮಾಸ್ಫೆಟ್ ಕಣ್ಣು ಮಿಟುಕಿಸುವುದರೊಳಗೆ ಸತ್ತಿರುತ್ತದೆ, ಏಕೆಂದು ಹೇಳುವುದಿಲ್ಲ. ವಾಲ್ವು ಹೇಳುತ್ತದೆ. ದೊಡ್ಡ ಲೋಹದ ತುಂಡಿಟ್ಟು ಕಂಪನ ನಿಂತುಹೋಯಿತೆನ್ನಿ. ಗ್ರಿಡ್ಡಿನ ಲಗಾಮು ತಪ್ಪಿ ಕರೆಂಟು ಏರುತ್ತದೆ, ಮೊಳೆಯ ಬದಲು ವಾಲ್ವಿನೊಳಗಿನ ಆನೋಡ್ ಕೆಂಪಗಾಗತೊಡಗುತ್ತದೆ. ಸ್ವಿಚ್ಚು ಆರಿಸಲು ಕೆಲವು ಸೆಕೆಂಡು ಬಿಡುವು ಸಿಗುತ್ತದೆ.

ಮನುಷ್ಯರ ವಿಷಯದಲ್ಲಿ ಮಾತ್ರ ಇದಕ್ಕೆ ಆ ಸಹನೆಯಿಲ್ಲ. 807ರ ತಲೆಯ ಮೇಲಿನ ಲೋಹದ ಟೋಪಿಯಲ್ಲೇ 600 ವೋಲ್ಟ್ ಬಯಲಿಗೆ ನಿಂತಿರುತ್ತದೆ. ಪ್ಲಗ್ ಕಿತ್ತ ಮೇಲೂ 40 ಮೈಕ್ರೋಫ್ಯಾರಡ್‌ನ ಕೆಪಾಸಿಟರಿನಲ್ಲಿ 7 ಜೌಲ್ ಶಕ್ತಿ ಹೊಂಚುಹಾಕಿರುತ್ತದೆ. ಜೀವಕ್ಕೆ ಅಪಾಯ ತರಲು ಅದು ಸಾಲದೆಂದು ಯಾರೂ ಭರವಸೆ ಕೊಡಲಾರರು. ಅದನ್ನು ತಾನಾಗಿ ಬರಿದು ಮಾಡುವ ರೆಸಿಸ್ಟರ್ ಹಾಕಿರಲೇಬೇಕು. ಬರಿದಾಯಿತೆಂದು ಮೀಟರಿನಲ್ಲಿ ನೋಡಿದ ಹೊರತು ಒಳಗೆ ಕೈ ಹಾಕಕೂಡದು. ಮುಚ್ಚಳ ತೆರೆದರೆ ವಿದ್ಯುತ್ತು ತಾನೇ ಕಡಿಯುವಂತೆ ಸ್ವಿಚ್ಚು ಇರಬೇಕು. ಉಂಗುರ, ಬಳೆ, ಗಡಿಯಾರ ತೆಗೆದಿಡಬೇಕು. ಸುರುಳಿಗೆ ಮೊಳೆ ಯಾವುದು, ಬೆರಳಿನ ಉಂಗುರ ಯಾವುದು ಎಂಬ ಭೇದ ತಿಳಿಯದು. ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರು ಮನೆಯಲ್ಲಿದ್ದರೆ ಈ ಪ್ರಯೋಗ ಆ ಮನೆಯಲ್ಲಿ ಬೇಡ. ಹುಡುಗ ಅಥವಾ ಹುಡುಗಿ ಒಬ್ಬರೇ ಕೋಣೆಯ ಬಾಗಿಲು ಹಾಕಿಕೊಂಡು ಮಾಡುವ ಕೆಲಸವಂತೂ ಇದು ಅಲ್ಲವೇ ಅಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ, ಹೆಚ್ಚು ವೋಲ್ಟೇಜಿನಲ್ಲಿ ಕೈ ಪಳಗಿದ ಮೇಷ್ಟರೊಬ್ಬರ ಎದುರಿಗೆ ನಡೆಯಬೇಕಾದದ್ದು.

ನೆರೆಮನೆಯವರ ಕಷ್ಟವೂ ಉಂಟು. ಈ ಯಂತ್ರ ರೇಡಿಯೋ ಟ್ರಾನ್ಸ್‌ಮಿಟರಿನ ಒಡಹುಟ್ಟು. ಇದು 306 ಕಿಲೋಹರ್ಟ್ಜ್‌ನಲ್ಲಿ ಕಂಪಿಸಿದರೆ ಅದರ ಎರಡರಷ್ಟಾದ 612ರಲ್ಲೂ ಸದ್ದು ಹೊರಡುತ್ತದೆ. ಬೆಂಗಳೂರು ಆಕಾಶವಾಣಿಗಾಗಿ ಶ್ರೋತೃಗಳು ದಶಕಗಳ ಕಾಲ ಮುಳ್ಳು ತಿರುಗಿಸಿದ ಜಾಗ ಅದೇ! ಆದ್ದರಿಂದ ಎಲ್ಲವೂ ಭೂಮಿಗೆ ಜೋಡಿಸಿದ ಲೋಹದ ಪೆಟ್ಟಿಗೆಯೊಳಗಿರಬೇಕು.

ಮೊದಲ ಪರೀಕ್ಷೆಗೆ ಮೊಳೆಯೂ ಬೇಡ. ಒಂದು ಸುತ್ತು ತಂತಿಗೆ ಟಾರ್ಚಿನ ಸಣ್ಣ ಬಲ್ಬು ಬೆಸೆದು, ಒಣ ಮರದ ಕಡ್ಡಿಯ ತುದಿಗೆ ಕಟ್ಟಿ ಸುರುಳಿಯ ಹತ್ತಿರ ತಂದರೆ, ಯಂತ್ರ ಕಂಪಿಸುತ್ತಿದ್ದಾಗ ಬಲ್ಬು ಬೆಳಗುತ್ತದೆ. ಆಮೇಲೆ ಗಾಜಿನ ಪ್ರನಾಳದೊಳಗೆ ಮೊಳೆ ಹಾಕಿ ಸುರುಳಿಯೊಳಗೆ ಇಳಿಸಬಹುದು. ಅದು ಬೇಗ ಬೇಗ ಕಾದು ಮಬ್ಬುಗೆಂಪಾಗುತ್ತದೆ. ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ತನ್ನ ಕಾಂತಗುಣವನ್ನು ಕಳೆದುಕೊಳ್ಳುವುದರಿಂದ ಅಲ್ಲಿಂದಾಚೆ ಕಾವು ಏರುವುದು ನಿಧಾನ. ಗಾಜು ಬಿಸಿಯಾಗುವುದು ಆಮೇಲೆ, ಅದೂ ಮೊಳೆಯ ಕಾವಿನಿಂದ.