ಪವರ್ ಬ್ಯಾಂಕ್ ನಿರ್ಬಂಧ: ಸ್ಲೀಪ್ ಆಪ್ನಿಯಾ ಯಂತ್ರ ಒಯ್ಯುವವರ ಗತಿಯೇನು?

2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದಲ್ಲಿ ಏರ್ ಬುಸಾನ್ ವಿಮಾನ ಹೊತ್ತಿ ಉರಿದ ಬಳಿಕ ವಿಮಾನಯಾನ ಕಂಪನಿಗಳು ಬ್ಯಾಟರಿ ನಿಯಮ ಬಿಗಿಗೊಳಿಸುತ್ತಿವೆ. ಅದೇ ವರ್ಷ ಅಕ್ಟೋಬರ್ 1ರಿಂದ ಎಮಿರೇಟ್ಸ್, ವಿಮಾನದೊಳಗೆ ಪವರ್ ಬ್ಯಾಂಕ್ ಬಳಕೆಯನ್ನೇ ನಿಷೇಧಿಸಿತು.

ಸುರಕ್ಷತೆಗೆ ಇದು ಬೇಕು. ಆದರೆ ನಿದ್ದೆಯಲ್ಲಿ ಉಸಿರು ಕಟ್ಟುವವರು ಬಳಸುವ ಸಿಪ್ಯಾಪ್ ಯಂತ್ರಕ್ಕೆ, ಸೀಟಿನ ಪ್ಲಗ್ ಕೈಕೊಟ್ಟರೆ ಬ್ಯಾಟರಿಯೇ ಗತಿ. ಮುಂಬೈ, ದೆಹಲಿಯಿಂದ ಅಮೆರಿಕಕ್ಕೆ ನೇರ ಹಾರಾಟವೇ ಸುಮಾರು 15 ಗಂಟೆ.

ಸಾಮಾನ್ಯವಾಗಿ 100 ವ್ಯಾಟ್-ಅವರ್‌ವರೆಗಿನ ಬ್ಯಾಟರಿಗೆ ಅಡ್ಡಿಯಿಲ್ಲ. 160ರವರೆಗೆ ಕಂಪನಿಯ ಅನುಮತಿ ಬೇಕು. ಹೆಚ್ಚುವರಿ ಬ್ಯಾಟರಿಯನ್ನು ಚೆಕ್-ಇನ್ ಬ್ಯಾಗ್‌ಗೆ ಹಾಕುವಂತಿಲ್ಲ. ಅಮೆರಿಕದ ನಿಯಮದಂತೆ ಈ ಯಂತ್ರ ಕ್ಯಾಬಿನ್ ಬ್ಯಾಗ್ ಲೆಕ್ಕಕ್ಕೂ ಬರುವುದಿಲ್ಲ.

ವೈದ್ಯಕೀಯ ಸಾಧನಕ್ಕೆ ಏನು ವಿನಾಯಿತಿ ಎಂಬುದನ್ನು ಕಂಪನಿಗಳು ಟಿಕೆಟ್ ಬುಕಿಂಗ್ ವೇಳೆಯೇ ಹೇಳಬೇಕು. ಗೇಟಿನಲ್ಲಿರುವ ಸಿಬ್ಬಂದಿಯ ತೀರ್ಮಾನಕ್ಕೆ ಬಿಟ್ಟರೆ ಪರದಾಟ ರೋಗಿಯದ್ದೇ.