ದಿಮ್ಮಿ ಎಳೆಯಲು ಎಷ್ಟು ಎಚ್.ಪಿ. ಬೇಕು?

ಮೊನ್ನೆ ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ಫೇಲಾಗಿ ಶಾಲೆ ಬಿಟ್ಟವನು. ಈಗ ಮೂಡಿಗೆರೆ ಕಡೆ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರ ಕಡಿದು, ದಿಮ್ಮಿಗಳನ್ನು ರಸ್ತೆಗೆ ತಲುಪಿಸಿಕೊಡುವ ಕಸುಬು ಹಿಡಿದಿದ್ದಾನೆ. ಮನೆಯ ಮೇಲೆ ಬಾಗಿದ ಮರವನ್ನೂ ಇಳಿಸಿಕೊಡುತ್ತಾನೆ. ಕೈಕೆಳಗೆ ನಾಲ್ಕು ಜನ ಇದ್ದಾರೆ.

"ಸಾರ್, ದಿಮ್ಮಿ ಎಳೆಯೋಕೆ ಒಂದು ಟ್ರ್ಯಾಕ್ಟರ್ ತಗೋಬೇಕು. 20 ಎಚ್.ಪಿ. ಸಾಕಾ, 45 ಬೇಕಾ? ದೊಡ್ಡದಕ್ಕೆ ಸಾಲ ಜಾಸ್ತಿ ಆಗುತ್ತೆ" ಎಂದ.

ನಾನು ಮೇಷ್ಟ್ರು. ಪ್ರಶ್ನೆಗೆ ಪ್ರಶ್ನೆಯೇ ನನ್ನ ಉತ್ತರ. "ನಿನ್ನ ದಿಮ್ಮಿ ಎಷ್ಟು ಭಾರ?" ಎಂದೆ.

ಅವನು ವ್ಯಾಪಾರಿಯ ಅಳತೆ ಹೇಳಿದ. ನಮ್ಮಲ್ಲಿ ಮರದ ವ್ಯಾಪಾರ ಕಾಲು ಸುತ್ತಳತೆಯ ಲೆಕ್ಕದಲ್ಲಿ ನಡೆಯುತ್ತದೆ. ದಿಮ್ಮಿಯ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ಉದ್ದದಿಂದ ಗುಣಿಸುವುದು. 40 ಸೆಂ.ಮೀ. ವ್ಯಾಸ, 4 ಮೀಟರ್ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 0.39 ಘನ ಮೀಟರ್. ಆದರೆ ಎಂಟನೇ ತರಗತಿಯ ಸಿಲಿಂಡರಿನ ಸೂತ್ರ ಹಾಕಿ ನೋಡಿ, 0.50 ಬರುತ್ತದೆ! ವ್ಯಾಪಾರಿ ಮೋಸ ಮಾಡುತ್ತಿಲ್ಲ. ದುಂಡು ಮರವನ್ನು ಚೌಕ ಕೊಯ್ಯುವಾಗ ವ್ಯರ್ಥವಾಗುವ ಪಾಲನ್ನು ಆ ಲೆಕ್ಕ ಮೊದಲೇ ಬಿಟ್ಟಿರುತ್ತದೆ. ಎಳೆಯುವವನಿಗೆ ಮಾತ್ರ ಆ ಪಾಲೂ ಭಾರವೇ. ಹಸಿ ಮರ ಘನ ಮೀಟರಿಗೆ 900 ಕಿಲೋ ಎಂದು ಹಿಡಿದರೆ ದಿಮ್ಮಿಯ ತೂಕ 450 ಕಿಲೋ. ಅವನು ಅಂದುಕೊಂಡದ್ದಕ್ಕಿಂತ ಸುಮಾರು 100 ಕಿಲೋ ಹೆಚ್ಚು.

ಇನ್ನು ಎಳೆಯುವ ಬಲ. (ಬಲವನ್ನು ನ್ಯೂಟನ್‌ನಲ್ಲಿ ಹೇಳಬೇಕು. ಇಲ್ಲಿ ಅನುಕೂಲಕ್ಕಾಗಿ ಕಿಲೋದಲ್ಲೇ ಹೇಳುತ್ತೇನೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹಾಗೆ ಬರೆಯಬಾರದು.) ಮಣ್ಣಿನ ಮೇಲೆ ಮರ ಜಾರುವಾಗ ಘರ್ಷಣೆಯ ಗುಣಾಂಕ 0.6 ಎಂದಿಟ್ಟುಕೊಳ್ಳೋಣ. ಇಡೀ ದಿಮ್ಮಿ ನೆಲಕ್ಕೆ ತಾಗಿದ್ದರೆ ಎಳೆಯಲು 270 ಕಿಲೋ ಬಲ ಬೇಕು. ಅದರ ಮೂತಿ ನೇಗಿಲಿನಂತೆ ಮಣ್ಣಿಗೆ ಹೂತರೆ ಇನ್ನೂ ಹೆಚ್ಚು. ಮೂತಿಯನ್ನು ಎತ್ತಿ ಚಕ್ರಗಳ ಮೇಲಿಟ್ಟರೆ? ಅರ್ಧ ಭಾರ ಮಾತ್ರ ನೆಲದ ಮೇಲೆ ಉಳಿಯುತ್ತದೆ. ಅದರ ಘರ್ಷಣೆ 135 ಕಿಲೋ, ಉರುಳುವ ಚಕ್ರಗಳದ್ದು ಇಪ್ಪತ್ತು ಚಿಲ್ಲರೆ. ಒಟ್ಟು 160ರ ಹತ್ತಿರ.

ಹಾಗಾದರೆ ಎಚ್.ಪಿ. ಎಷ್ಟು? 160 ಕಿಲೋ ಬಲದಿಂದ ಗಂಟೆಗೆ 3 ಕಿ.ಮೀ. ವೇಗದಲ್ಲಿ, ಅಂದರೆ ಮನುಷ್ಯ ನಿಧಾನವಾಗಿ ನಡೆಯುವ ವೇಗದಲ್ಲಿ, ಎಳೆಯಲು ಬೇಕಾದ ಶಕ್ತಿ ಎರಡು ಎಚ್.ಪಿ.ಗೂ ಕಡಿಮೆ! ನನ್ನ ವಿದ್ಯಾರ್ಥಿ ನಂಬಲಿಲ್ಲ. "ಮತ್ತೆ ಟ್ರ್ಯಾಕ್ಟರ್ ಯಾಕೆ ಸಾರ್ ನಿಂತಲ್ಲೇ ಚಕ್ರ ತಿರುಗಿಸುತ್ತೆ?" ಎಂದ.

ಒಳ್ಳೆಯ ಪ್ರಶ್ನೆ. ಎಂಜಿನ್ ಎಷ್ಟೇ ದೊಡ್ಡದಿರಲಿ, ನೆಲವನ್ನು ಹಿಡಿಯುವುದು ಟೈರು. ಹಿಡಿತಕ್ಕೆ ಬೇಕಾದದ್ದು ಓಡಿಸುವ ಚಕ್ರಗಳ ಮೇಲಿನ ತೂಕ. 900 ಕಿಲೋ ತೂಗುವ ಸಣ್ಣ ಟ್ರ್ಯಾಕ್ಟರಿನ ಹಿಂಗಾಲಿಗಳ ಮೇಲೆ 540 ಕಿಲೋ ಇದ್ದು, ಒದ್ದೆ ಮಣ್ಣಿನಲ್ಲಿ ಹಿಡಿತದ ಗುಣಾಂಕ 0.4 ಆದರೆ ಅದು ಎಳೆಯಬಲ್ಲದ್ದು 216 ಕಿಲೋ. ನೆಲಕ್ಕೆ ತಾಗಿದ ದಿಮ್ಮಿಗೆ ಸಾಲದು, ಮೂತಿ ಎತ್ತಿದ ದಿಮ್ಮಿಗೆ ಸಾಕು. ಯಂತ್ರ ಅದೇ, ದಿಮ್ಮಿ ಅದೇ, ಎತ್ತಿ ಕಟ್ಟಿದ ರೀತಿ ಮಾತ್ರ ಬೇರೆ.

ಇದು ಹೊಸ ಉಪಾಯವೇನಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಮನಿಸ್ಟೀ ಎಂಬಲ್ಲಿ ಸೈಲಾಸ್ ಓವರ್‌ಪ್ಯಾಕ್ ಎಂಬ ಗಾಡಿ ತಯಾರಕ 1875ರ ಸುಮಾರಿಗೆ ಒಂಬತ್ತು–ಹತ್ತು ಅಡಿ ಎತ್ತರದ ಜೋಡಿ ಚಕ್ರಗಳನ್ನು ಮಾಡಿ ಮಾರತೊಡಗಿದ. ಅಚ್ಚಿನ ಕೆಳಗೆ ದಿಮ್ಮಿಯ ಒಂದು ತುದಿಯನ್ನು ತೂಗುಹಾಕಿ ಕುದುರೆಗಳು ಎಳೆಯುತ್ತಿದ್ದವು. ಹಿಮದ ಮೇಲೆ ಜಾರಿಸಲು ಚಳಿಗಾಲಕ್ಕೆ ಕಾಯುತ್ತಿದ್ದವರು ಬೇಸಿಗೆಯಲ್ಲೂ ಮರ ಸಾಗಿಸುವಂತಾಯಿತು. ಇಂದು ವಿದೇಶದ ಕಾಡುಗಳಲ್ಲಿ ಓಡಾಡುವ 'ಸ್ಕಿಡ್ಡರ್' ಯಂತ್ರ ಮಾಡುವುದೂ ಇದನ್ನೇ. ನಡುವಿನಲ್ಲಿ ಕೀಲು, ಬೆನ್ನ ಮೇಲೆ ಕಮಾನು ಮತ್ತು ಹಗ್ಗ ಸುತ್ತುವ ವಿಂಚು. ಆದರೆ ಅದು ಹಲವು ಟನ್ ತೂಗುತ್ತದೆ. ಆರೇಳು ಅಡಿ ಅಂತರದ ಕಾಫಿ ಗಿಡಗಳ ನಡುವೆ ಅದಕ್ಕೆ ಜಾಗವಿಲ್ಲ. ಸಣ್ಣ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಎರಡು ಚಕ್ರದ ಕಮಾನುಗಾಡಿಯನ್ನು ಊರಿನ ವೆಲ್ಡಿಂಗ್ ಶಾಪಿನಲ್ಲೂ ಮಾಡಿಸಬಹುದು.

ಇಷ್ಟು ಹೇಳುವಾಗ ಅವನು ನಡುವೆ ಬಾಯಿ ಹಾಕಿದ. ಕಳೆದ ಮಳೆಗಾಲದಲ್ಲಿ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಅವನೂ ಮೂತಿ ಎತ್ತಲು ನೋಡಿದ್ದನಂತೆ. ಸರಪಳಿಯನ್ನು ಸೀಟಿನ ಹಿಂದೆ ಎತ್ತರದಲ್ಲಿ ಬಿಗಿದಿದ್ದ. ದಿಮ್ಮಿ ಹಳೆಯ ಬೊಡ್ಡೆಯೊಂದಕ್ಕೆ ಸಿಕ್ಕಿಕೊಂಡಿತು. ಮುಂಗಾಲಿಗಳು ನೆಲ ಬಿಟ್ಟು ಎದ್ದವು. ಹೇಗೋ ಕ್ಲಚ್ ತುಳಿದ. ಅದನ್ನು ಅವನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ವಿದ್ಯಾರ್ಥಿಗಳೇ, ಇದು ಸನ್ನೆಯ ಪಾಠ. ಟ್ರ್ಯಾಕ್ಟರನ್ನು ಹಿಂದಕ್ಕೆ ತಿರುಗಿಸುವ ಪ್ರಯತ್ನವೆಂದರೆ ಎಳೆತದ ಬಲವನ್ನು ಕೊಂಡಿಯ ಎತ್ತರದಿಂದ ಗುಣಿಸಿದಷ್ಟು. ಕೊಂಡಿ ಎಳೆಪಟ್ಟಿಯಲ್ಲಿ, ನೆಲದಿಂದ 40 ಸೆಂ.ಮೀ. ಎತ್ತರದಲ್ಲಿರುವುದಕ್ಕೂ ಸೀಟಿನ ಹಿಂದೆ ಒಂದು ಮೀಟರಿನಲ್ಲಿರುವುದಕ್ಕೂ ಎರಡೂವರೆ ಪಟ್ಟು ವ್ಯತ್ಯಾಸ. ಹಿಂಬದಿಯ ಅಚ್ಚಿಗಿಂತ ಕೆಳಗಿನ ಕೊಂಡಿ, ಮುಂಗಾಲಿ ಎದ್ದಂತೆ ತಾನೂ ತಗ್ಗಿ ಅಪಾಯವನ್ನು ಕಡಿಮೆ ಮಾಡುತ್ತದೆ. ಮೇಲಿನದು ಹಾಗೆ ಮಾಡುವುದಿಲ್ಲ. ಮಗುಚಲು ಒಂದೆರಡು ಸೆಕೆಂಡು ಸಾಕು. ಅದಕ್ಕೇ ದಿಮ್ಮಿಯನ್ನು ಎತ್ತುವ ಕೆಲಸ ಕಮಾನುಗಾಡಿಗೆ ಬಿಡಬೇಕು, ಎಳೆಯುವುದು ಕೆಳಗಿನ ಕೊಂಡಿಯಿಂದಲೇ ಆಗಬೇಕು. ಮಗುಚಿದರೂ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟು ಇರಲೇಬೇಕು. ಸ್ವೀಡನ್ ದೇಶ ಹೊಸ ಟ್ರ್ಯಾಕ್ಟರುಗಳಿಗೆ 1959ರಲ್ಲೇ ಅದನ್ನು ಕಡ್ಡಾಯ ಮಾಡಿತು. ಜೊತೆಗೆ ಸೀಟ್ ಬೆಲ್ಟನ್ನೂ ಹಾಕಿಕೊಳ್ಳಬೇಕು.

ಏರು ನೆಲದಲ್ಲಿ ಲೆಕ್ಕ ಬದಲಾಗುತ್ತದೆ. ಹತ್ತು ಅಡಿಗೆ ಒಂದು ಅಡಿ ಏರಿದರೂ ದಿಮ್ಮಿಗೆ 45, ಟ್ರ್ಯಾಕ್ಟರಿಗೇ 90 ಕಿಲೋ ಹೆಚ್ಚು ಬಲ ಬೇಕು. 160 ಇದ್ದದ್ದು 295 ಆಯಿತು. ಟೈರು ಸೋತಿತು. ಅಲ್ಲಿ ಯಂತ್ರವನ್ನು ಸಮನೆಲದಲ್ಲಿ ಊರಿ ನಿಲ್ಲಿಸಿ, ವಿಂಚಿನ ಹಗ್ಗದಿಂದ ದಿಮ್ಮಿಯನ್ನು ಎಳೆದುಕೊಳ್ಳುವುದೇ ಸರಿ. ಬಿಗಿದ ತಂತಿಹಗ್ಗ ತುಂಡಾದರೆ ಚಾಟಿಯಂತೆ ಬೀಸುತ್ತದೆ. ಅದರ ನೇರಕ್ಕಾಗಲಿ, ಮಡಿಕೆಯ ಒಳಬದಿಗಾಗಲಿ ಯಾರೂ ನಿಲ್ಲಬಾರದು.

ಕೊನೆಗೆ ಅವನು ಕಾಗದದ ಮೇಲೆ ಬರೆದುಕೊಂಡದ್ದು ಇಷ್ಟು: ಸಣ್ಣ ಟ್ರ್ಯಾಕ್ಟರ್, ಚೌಕಟ್ಟು, ಕಮಾನುಗಾಡಿ, ವಿಂಚು. ಎಚ್.ಪಿ. ಕೊನೆಯ ಸಾಲಿಗೆ ಹೋಗಿತ್ತು.

ಹೊರಡುವಾಗ ಗೇಟಿನ ಬಳಿ ನಿಂತು, "ಓದದಿದ್ದರೆ ಮರ ಕಡಿಯೋಕೆ ಹೋಗ್ತೀಯ ಅಂದಿದ್ರಿ ಸಾರ್, ಜ್ಞಾಪಕ ಇದೆಯಾ?" ಎಂದ. ದೂರುವ ಧ್ವನಿ ಇರಲಿಲ್ಲ. ನನಗೆ ಜ್ಞಾಪಕವಿತ್ತು. ಪ್ರತಿವರ್ಷವೂ ಮೇಜಿನ ಮೇಲೆ ಮರದ ತುಂಡನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ಘರ್ಷಣೆ ಕಲಿಸಿದ ನಾನು, ಆ ತುಂಡು ಒಂದು ದಿನ ಇವನ ಬೆನ್ನ ಹಿಂದಿನ ದಿಮ್ಮಿಯಾಗುತ್ತದೆಂದು ಯೋಚಿಸಿರಲಿಲ್ಲ. ಪೋಷಕರೇ, ಮಕ್ಕಳನ್ನು ಹೆದರಿಸಲು ಯಾವ ಕಸುಬಿನ ಹೆಸರನ್ನೂ ಹೇಳಬೇಡಿ. ಆ ಕಸುಬಿಗೂ ವಿಜ್ಞಾನ ಬೇಕು, ಅಲ್ಲಿ ತಪ್ಪಿದರೆ ಕಳೆಯುವುದು ಅಂಕ ಮಾತ್ರವಲ್ಲ.

ಮನೆಯಲ್ಲೇ ಮಾಡಿ ನೋಡಿ: ಉದ್ದನೆಯ ಮರದ ತುಂಡಿಗೆ ದಾರ ಕಟ್ಟಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಆಮೇಲೆ ಮುಂತುದಿಯ ಕೆಳಗೆ ಎರಡು ದುಂಡು ಪೆನ್ಸಿಲ್ ಇಟ್ಟು ಮತ್ತೆ ಎಳೆಯಿರಿ. ಎರಡು ಅಂಕಿಗಳನ್ನೂ ಬರೆದಿಡಿ.