ಕಾರ್ಡು ಎರಡು, ದವಾಖಾನೆ ಎಲ್ಲಿ?

ಅಮೆರಿಕದಲ್ಲಿ ಅಧ್ಯಕ್ಷ ಪದವಿಗೆ ನಿಲ್ಲುವವರು ಒಂದೇ ವೇದಿಕೆಯ ಮೇಲೆ ಬಂದು, ಜನರೆದುರಿಗೆ ಒಬ್ಬರನ್ನೊಬ್ಬರು ಪ್ರಶ್ನಿಸುವ ಪದ್ಧತಿಯುಂಟು. ಆ ದೇಶದ ನೀತಿಗಳಲ್ಲಿ ನಾವು ಮೆಚ್ಚತಕ್ಕದ್ದು ಬಹಳವಿಲ್ಲ. ಆದರೆ ಈ ಪದ್ಧತಿ ಮೆಚ್ಚತಕ್ಕದ್ದು. ಮಹಾಂತೇಶ ನಗರದಲ್ಲಿ ಸಂಜೆಯ ಹೊತ್ತು ಪತ್ರಿಕೆ ಓದಲು ಸೇರುವ ನಮ್ಮ ಗೆಳೆಯರೆದುರು ಈ ಮಾತನ್ನು ತೆಗೆದಾಗ ಹಮಾಲಿ ಮಾಡುವ ಹಿರಿಯರೊಬ್ಬರು ಕೇಳಿದರು: "ಅಮೆರಿಕಾದವರ ಜಗಳ ತಗೊಂಡು ನಮಗೇನಾಗಬೇಕಾಗೈತ್ರಿ, ಮಾಸ್ತರ?" ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡುವುದೇ ಈ ವಾರದ ನಮ್ಮ ಕೆಲಸ.

ಆ ಜಗಳದ ಮುಖ್ಯ ವಿಷಯ ಇದು: ರೋಗಿಯ ಔಷಧೋಪಚಾರದ ಖರ್ಚನ್ನು ಯಾರು ಕೊಡಬೇಕು? ರೋಗಿಯೇ? ಅವನನ್ನು ದುಡಿಸಿಕೊಳ್ಳುವ ಮಾಲಕನೇ? ವಿಮಾ ಕಂಪನಿಯೇ? ಅಥವಾ ಎಲ್ಲರೂ ತೆರಿಗೆಯಿಂದ ತುಂಬಿದ ಒಂದೇ ಸಾರ್ವಜನಿಕ ಬೊಕ್ಕಸವೇ? ಬರ್ನಿ ಸ್ಯಾಂಡರ್ಸ್ ಎಂಬ ಹಿರಿಯರು 2016ರಲ್ಲಿಯೂ 2020ರಲ್ಲಿಯೂ ಒಂದೇ ಬೊಕ್ಕಸದ ಪಕ್ಷವನ್ನು ಹಿಡಿದು ವಾದಿಸಿದರು. ಅದು ಎಂದೂ ಆಗದ ಮಾತೆಂದು 2016ರಲ್ಲಿ ಹಿಲರಿ ಕ್ಲಿಂಟನ್ ಹೇಳಿದರು. 2020ರ ಮಾರ್ಚ್ 15ರಂದು, ಕೋವಿಡ್ ಹಬ್ಬುತ್ತಿದ್ದ ಕಾರಣ ಸಭಿಕರೇ ಇಲ್ಲದ ಕೋಣೆಯೊಂದರಲ್ಲಿ ಜೋ ಬೈಡನ್ ಮತ್ತು ಸ್ಯಾಂಡರ್ಸ್ ಎದುರುಬದುರಾದರು. ಇಟಲಿಯಲ್ಲಿ ಸರಕಾರವೇ ವೆಚ್ಚ ಭರಿಸುತ್ತದೆ, ಆದರೂ ಅಲ್ಲಿ ಜನ ಸಾಯುತ್ತಿಲ್ಲವೇ ಎಂಬುದು ಬೈಡನ್ನರ ವಾದ. ಸ್ಯಾಂಡರ್ಸ್ ಎರಡು ಸಲವೂ ತಮ್ಮ ಪಕ್ಷದ ಉಮೇದುವಾರಿಕೆಯನ್ನು ಪಡೆಯಲಾರದೆ ಹೋದರು. 2017ರಲ್ಲಿ ಅವರ ಮಸೂದೆಗೆ ಬೆಂಬಲ ಕೊಟ್ಟಿದ್ದ ಕಮಲಾ ಹ್ಯಾರಿಸರು 2024ರಲ್ಲಿ ತಾವೇ ಅಧ್ಯಕ್ಷ ಪದವಿಗೆ ನಿಂತಾಗ ಆ ಮಾತನ್ನು ಬಿಟ್ಟುಕೊಟ್ಟರು.

ಅದೇ ವೇದಿಕೆಗಳಲ್ಲಿ ವಿದೇಶ ನೀತಿಯ ಪ್ರಶ್ನೆಯೂ ಬಂತು. ಇರಾಕಿನ ಮೇಲೆ ಯುದ್ಧ ಹೂಡಲು ಒಪ್ಪಿಗೆ ಕೊಡುವ ಠರಾವಿಗೆ 2002ರಲ್ಲಿ ಕ್ಲಿಂಟನ್ ಮತ್ತು ಬೈಡನ್ ಇಬ್ಬರೂ ಒಪ್ಪಿ ಮತ ಹಾಕಿದ್ದರು, ಸ್ಯಾಂಡರ್ಸ್ ವಿರೋಧಿಸಿದ್ದರು. ರೋಗಿಗೆ ಕೊಡಲು ಹಣವೆಲ್ಲಿದೆ ಎಂದು ಕೇಳುವವರು, ಯುದ್ಧಕ್ಕೆ ಹಣವೆಲ್ಲಿದೆ ಎಂದು ಆಗ ಯಾಕೆ ಕೇಳಲಿಲ್ಲ? ತಿಳಿದವರು ಇವನ್ನು ಎರಡು ವಿಷಯಗಳೆಂದು ಬೇರೆ ಬೇರೆ ಪುಟಗಳಲ್ಲಿ ಅಚ್ಚು ಹಾಕುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ವಿಷಯ ಒಂದೇ. ಬೊಕ್ಕಸ ಒಂದು, ಅದರೊಳಗೆ ಕೈ ಹಾಕುವವರು ಇಬ್ಬರು.

ಇದಕ್ಕೆ ಇಂಗ್ಲೆಂಡಿನ ಇತಿಹಾಸವೇ ಸಾಕ್ಷಿ. ಕಲ್ಲಿದ್ದಲ ಗಣಿಯಲ್ಲಿ ದುಡಿದು ಬೆಳೆದ ಅನ್ಯೂರಿನ್ ಬೆವನ್ ಮಂತ್ರಿಯಾಗಿ, 1948ರ ಜುಲೈ 5ರಂದು ಆ ದೇಶದ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದರು. ಶ್ರೀಮಂತನಾಗಲಿ ಬಡವನಾಗಲಿ, ಡಾಕ್ಟರರ ಬಳಿ ಹೋದರೆ ಕಾಸು ಕೊಡಬೇಕಾಗಿಲ್ಲ. ಮೂರು ವರ್ಷ ತುಂಬುವುದರೊಳಗೆ ಕೊರಿಯಾ ಯುದ್ಧ ಬಂತು. ಶಸ್ತ್ರಾಸ್ತ್ರಗಳಿಗೆ ಹಣ ಹೊಂದಿಸಲು ಕನ್ನಡಕಕ್ಕೂ ಕಟ್ಟಿಸುವ ಹಲ್ಲಿಗೂ ರೋಗಿಯೇ ಅರ್ಧ ಹಣ ಕೊಡಬೇಕೆಂದು ಅವರದೇ ಸರಕಾರ ಗೊತ್ತುಮಾಡಿತು. 1951ರ ಏಪ್ರಿಲಿನಲ್ಲಿ ಬೆವನ್ ರಾಜೀನಾಮೆ ಕೊಟ್ಟು ಹೊರಬಂದರು. ಸಾವಿರಾರು ಮೈಲು ದೂರದ ಯುದ್ಧವು ಮುದುಕಿಯೊಬ್ಬಳ ಕನ್ನಡಕದ ಬೆಲೆಯನ್ನು ಏರಿಸಿತು. ರಾಜಕಾರಣ ನಮಗೆ ಸಂಬಂಧವಿಲ್ಲವೆನ್ನುವವರು ಈ ಕನ್ನಡಕವನ್ನು ಒಮ್ಮೆ ಹಾಕಿಕೊಂಡು ನೋಡಬೇಕು.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಬೆಳಗಾವಿ ಜಿಲ್ಲೆಗೂ ಒಂದು ವಿದೇಶ ನೀತಿಯಿದೆ. ಅದಕ್ಕೆ ಗಡಿ ವಿವಾದವೆಂದು ಹೆಸರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಯಿತು. 1967ರಲ್ಲಿ ಮಹಾಜನ ಆಯೋಗದ ವರದಿ ಬಂತು. 2004ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿಗೆ ಹೋಯಿತು. ಇಷ್ಟು ದಶಕಗಳಲ್ಲಿ ಎರಡೂ ಕಡೆಯ ಪುಢಾರಿಗಳಿಗೆ ಈ ವಿವಾದ ಅನ್ನ ಹಾಕಿದೆ. ಹಳ್ಳಿಯ ಜನರಿಗೆ ಏನು ಹಾಕಿದೆ?

2023ರ ಮಾರ್ಚಿನಲ್ಲಿ ಮಹಾರಾಷ್ಟ್ರ ಸರಕಾರ ಒಂದು ತೀರ್ಮಾನ ಮಾಡಿತು. ತಾನು ತನ್ನವೆಂದು ಹೇಳುವ ಕರ್ನಾಟಕದ 865 ಹಳ್ಳಿ ಪಟ್ಟಣಗಳ ಜನರಿಗೆ ತನ್ನ ಮಹಾತ್ಮಾ ಜ್ಯೋತಿರಾವ್ ಫುಲೆ ಆರೋಗ್ಯ ಯೋಜನೆಯ ಲಾಭವನ್ನು ಕೊಡುವುದು, ಅದಕ್ಕಾಗಿ 54 ಕೋಟಿ ರೂಪಾಯಿ ತೆಗೆದಿಡುವುದು. ಬೆಂಗಳೂರಿನಲ್ಲಿ ಕೋಲಾಹಲವೆದ್ದಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಇದನ್ನು ಖಂಡಿಸಿದರು. ಆಗ ಪ್ರತಿಪಕ್ಷದಲ್ಲಿದ್ದವರು ಅವರ ರಾಜೀನಾಮೆಯನ್ನೇ ಕೇಳಿದರು. ಒಂದು ರಾಜ್ಯದ ಸರಕಾರ ಮತ್ತೊಂದು ರಾಜ್ಯದ ಪ್ರಜೆಗಳಿಗೆ ಕಾರ್ಡು ಹಂಚುವುದರಲ್ಲಿ ದಯೆಗಿಂತ ದಾವೆಯ ಲೆಕ್ಕವೇ ಹೆಚ್ಚೆಂಬುದು ನಮಗೂ ಗೊತ್ತು. ಅದನ್ನು ಪ್ರತಿಭಟಿಸಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಆ ಗದ್ದಲದಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಉಳಿಯಿತು: ಖಾನಾಪುರ ತಾಲೂಕಿನ ರೈತನಿಗೆ ಪರರಾಜ್ಯದ ಕಾರ್ಡಿನ ಕಡೆ ನೋಡುವ ಪ್ರಸಂಗ ಯಾಕೆ ಬಂತು?

ಆ ತಾಲೂಕಿನಲ್ಲಿ ಮಾಸ್ತರಿಕೆ ಮಾಡಿದವರಾದ್ದರಿಂದ ನಾವು ಕಂಡದ್ದನ್ನು ಹೇಳಬಲ್ಲೆವು. ಜೂನ್ ತಿಂಗಳಲ್ಲಿ ಶಾಲೆಗೆ ಹೆಸರು ಹಚ್ಚಿದ ಹುಡುಗನೊಬ್ಬ ಗಣೇಶ ಚೌತಿಯ ಹೊತ್ತಿಗೆ ಬರುವುದನ್ನು ಬಿಟ್ಟ. ಮನೆಗೆ ಹೋಗಿ ವಿಚಾರಿಸಿದೆವು. ತಂದೆಗೆ ಜ್ವರ ತಲೆಗೇರಿ, ಮಳೆಯಲ್ಲಿ ಹೊತ್ತು ತಂದು ಖಾಸಗಿ ದವಾಖಾನೆಯೊಂದಕ್ಕೆ ಸೇರಿಸಿದ್ದರು. ಕಾರ್ಡು ಇತ್ತು; ತೊಯ್ಯಬಾರದೆಂದು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ದೇವರ ಜಗಲಿಯ ಮೇಲೆ ಇಟ್ಟಿದ್ದರು. ಈ ರೋಗ ಯಾದಿಯಲ್ಲಿಲ್ಲ, ಮೊದಲು ಸರಕಾರಿ ದವಾಖಾನೆಯ ಚೀಟಿ ತನ್ನಿರಿ ಎಂದು ಅಲ್ಲಿ ಹೇಳಿದರಂತೆ. ಚೀಟಿ ತರುವಷ್ಟು ಪುರುಸೊತ್ತು ಜ್ವರಕ್ಕೆ ಇರಲಿಲ್ಲ. ಜೋಡೆತ್ತು ಮಾರಿದರು. ತಂದೆ ಬದುಕಿದ, ಎತ್ತು ಹೋದವು, ಎತ್ತಿನ ಹಿಂದೆ ಹುಡುಗನ ಶಾಲೆಯೂ ಹೋಯಿತು. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಕೆಂಪು ಶಾಯಿಯ ಗೆರೆ ಎಳೆದವರು ನಾವೇ.

ಕಾರ್ಡುಗಳನ್ನು ನಾವು ಹೀಗಳೆಯುವುದಿಲ್ಲ. ಸಹಕಾರಿ ಸಂಘಗಳ ಸದಸ್ಯ ರೈತರಿಗಾಗಿ 2003ರಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. 2018ರಲ್ಲಿ ಆರೋಗ್ಯ ಕರ್ನಾಟಕ ಬಂದು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಕೂಡಿಕೊಂಡಿತು. ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ನಮ್ಮ ರಾಜ್ಯದಲ್ಲಿ ನಡುವೆ ವಿಮಾ ಕಂಪನಿಯನ್ನು ಕೂಡಿಸದೆ, ಸರಕಾರದ ಟ್ರಸ್ಟೇ ದವಾಖಾನೆಗಳಿಗೆ ನೇರವಾಗಿ ಹಣ ಕೊಡುತ್ತದೆ. ಸ್ಯಾಂಡರ್ಸ್ ಕೇಳಿದ ಒಂದೇ ಬೊಕ್ಕಸದ ದಾರಿಯಲ್ಲಿ ಇದು ಒಂದು ಹೆಜ್ಜೆಯೇ ಸರಿ. ಹೃದಯದ ಆಪರೇಶನ್ ಆಗಿ ಬದುಕಿ ಬಂದ ಬಡವರು ನಮ್ಮಲ್ಲಿ ಇದ್ದಾರೆ. ಅವರೆದುರು ನಿಂತು ಕಾರ್ಡು ವ್ಯರ್ಥವೆಂದು ಹೇಳುವ ಧೈರ್ಯ ನಮಗಿಲ್ಲ.

ಆದರೆ ಕಾರ್ಡು ದವಾಖಾನೆಯಲ್ಲ. ಅದು ದೊಡ್ಡ ರೋಗಕ್ಕೆ, ಹಾಸಿಗೆ ಹಿಡಿದವನಿಗೆ. ದಿನಾ ನುಂಗುವ ಸಕ್ಕರೆ ರೋಗದ ಗುಳಿಗೆ, ರಕ್ತದೊತ್ತಡದ ಗುಳಿಗೆ, ಮಗುವಿನ ಜ್ವರದ ಔಷಧ ಇವು ಅದರ ಲೆಕ್ಕಕ್ಕೆ ಬರುವುದಿಲ್ಲ. ಸರಕಾರವೇ ಪ್ರಕಟಿಸಿದ 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ, ಈ ದೇಶದಲ್ಲಿ ಆರೋಗ್ಯಕ್ಕೆ ಖರ್ಚಾಗುವ ಪ್ರತಿ 100 ರೂಪಾಯಿಯಲ್ಲಿ 39 ರೂಪಾಯಿಗೂ ಹೆಚ್ಚು ಜನರ ಸ್ವಂತ ಕಿಸೆಯಿಂದ ಹೋಗುತ್ತದೆ. ಮೊದಲಿಗಿಂತ ಇದು ಇಳಿದಿದೆಯೆಂಬುದು ನಿಜ, ಸಾಲದೆಂಬುದೂ ನಿಜ. 2025ರ ಹೊತ್ತಿಗೆ ಸರಕಾರಗಳ ಆರೋಗ್ಯ ವೆಚ್ಚವನ್ನು ರಾಷ್ಟ್ರದ ಉತ್ಪನ್ನದ ನೂರಕ್ಕೆ 2.5ಕ್ಕೆ ಏರಿಸುವುದಾಗಿ 2017ರ ರಾಷ್ಟ್ರೀಯ ಆರೋಗ್ಯ ನೀತಿ ಮಾತು ಕೊಟ್ಟಿತ್ತು. 2021-22ರಲ್ಲಿ ಅದು ನೂರಕ್ಕೆ 1.84 ಇತ್ತು, ಅದೂ ಕೋವಿಡ್ ಕಾಲದ ವೆಚ್ಚ ಸೇರಿ. ಹಣ ಕೊಡಲಾರದ ಕಾರಣಕ್ಕೆ ಯಾರೂ ಚಿಕಿತ್ಸೆಯಿಲ್ಲದೆ ಉಳಿಯಬಾರದೆಂದು ಭೋರ್ ಸಮಿತಿ ಹೇಳಿದ್ದು 1946ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲು!

ಅಮೆರಿಕದ ವಾದಕ್ಕೂ ನಮ್ಮ ವಾದಕ್ಕೂ ಇಲ್ಲಿಯೇ ವ್ಯತ್ಯಾಸ. ಅಲ್ಲಿ ದವಾಖಾನೆಗಳಿವೆ, ಬಿಲ್ಲನ್ನು ಯಾರು ಕೊಡಬೇಕೆಂಬುದು ಪ್ರಶ್ನೆ. ಇಲ್ಲಿ ಬಿಲ್ಲು ಬರೆಯಲಿಕ್ಕಾದರೂ ಒಬ್ಬ ಡಾಕ್ಟರರು ಬೇಕಲ್ಲ! ಭೀಮಗಡದ ಕಾಡಿನೊಳಗಿನ ಆಮಗಾಂವ, ಗವಾಳಿಯಂಥ ಊರುಗಳಿಂದ ಮಳೆಗಾಲದಲ್ಲಿ ರೋಗಿಯನ್ನು ಬಿದಿರಿಗೆ ಕಟ್ಟಿದ ಜೋಳಿಗೆಯಲ್ಲಿ ಮಲಗಿಸಿ, ಹಳ್ಳ ದಾಟಿ, ಹೆಗಲ ಮೇಲೆ ಹೊತ್ತು ತರುತ್ತಾರೆ. ಹೊರುವವರ ಹೆಗಲಿಗೆ ಮುಂಬಯಿಯ ಕಾರ್ಡಿನಿಂದಲೂ ಬೆಂಗಳೂರಿನ ಕಾರ್ಡಿನಿಂದಲೂ ಭಾರ ಇಳಿಯುವುದಿಲ್ಲ. ಕಣಕುಂಬಿಯ ಹೆಸರು ಪತ್ರಿಕೆಗಳಲ್ಲಿ ಬರುವುದು ಕಳಸಾ ನಾಲೆಗಾಗಿ, ಗೋವೆಯೊಂದಿಗಿನ ಮಹಾದಾಯಿ ವ್ಯಾಜ್ಯಕ್ಕಾಗಿ. ಆ ಊರಿನ ಬಾಣಂತಿಗಾಗಿ ಅಷ್ಟು ದೊಡ್ಡ ಅಕ್ಷರಗಳಲ್ಲಿ ಬಂದದ್ದನ್ನು ನಾವು ಕಂಡಿಲ್ಲ.

ಗಡಿ ಜಗಳಕ್ಕೂ ರೋಗಿಗೂ ಏನು ಸಂಬಂಧವೆಂದು ಇನ್ನೂ ಸಂಶಯಪಡುವವರು 2020ನೆಯ ವರ್ಷವನ್ನು ನೆನೆಯಬೇಕು. ಕೋವಿಡ್ ಭಯದಿಂದ ಕರ್ನಾಟಕವು ಕೇರಳದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಕಾಸರಗೋಡಿನ ಜನ, ಅವರಲ್ಲಿ ಕನ್ನಡಿಗರೇ ಎಷ್ಟೋ ಮಂದಿ, ಮೊದಲಿನಿಂದಲೂ ಮಂಗಳೂರಿನ ದವಾಖಾನೆಗಳನ್ನೇ ನಂಬಿದವರು. ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತವು. ದಾರಿ ಸಿಗದೆ ರೋಗಿಗಳು ಸತ್ತರು. ಕೇರಳದ ಹೈಕೋರ್ಟು ಆಜ್ಞೆ ಮಾಡಿ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಏಪ್ರಿಲಿನಲ್ಲಿ ತುರ್ತು ರೋಗಿಗಳಿಗೆ ದಾರಿ ಬಿಡಲು ಒಪ್ಪಂದವಾಯಿತು. ಅದಕ್ಕೂ ಮುಂಚೆ 2018ರಲ್ಲಿ ಗೋವೆಯ ಸರಕಾರ ತನ್ನ ಬಾಂಬೋಳಿಯ ವೈದ್ಯಕೀಯ ಕಾಲೇಜಿನ ದವಾಖಾನೆಯಲ್ಲಿ ಪರರಾಜ್ಯದ ರೋಗಿಗಳಿಗೆ ಶುಲ್ಕ ಹಚ್ಚಿತು. ಕಾರವಾರದವರು, ಸಿಂಧುದುರ್ಗದವರು ಕಂಗಾಲಾದರು. ಇಲ್ಲಿ ನಾವೂ ಪರೀಕ್ಷೆ ಮಾಡಿಕೊಳ್ಳಬೇಕು: ತಲಪಾಡಿಯಲ್ಲಿ ಮಣ್ಣು ಸುರಿದದ್ದು ನಮ್ಮದೇ ಸರಕಾರ. ಕನ್ನಡದ ಹೆಸರು ಹೇಳಿ ಕನ್ನಡ ರೋಗಿಯ ದಾರಿಯನ್ನೇ ಮುಚ್ಚಿದ್ದಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೆ?

ಎಲ್ಲರಿಗೂ ಕೊಟ್ಟರೆ ಬೊಕ್ಕಸ ಬರಿದಾಗುತ್ತದೆ ಎಂಬ ಆಕ್ಷೇಪಣೆಯನ್ನು ನಾವು ತಳ್ಳಿಹಾಕುವುದಿಲ್ಲ. ತೆರಿಗೆ ಹೆಚ್ಚಬೇಕಾಗುತ್ತದೆ, ಅದನ್ನು ಮುಚ್ಚಿಟ್ಟು ಮತ ಕೇಳುವುದು ಮೋಸ. ಆದರೆ ಒಂದು ಲೆಕ್ಕವನ್ನು ನೋಡಿರಿ. ವಿಮಾ ಕಂಪನಿಗಳ ಕೈಗೆ ಜನರನ್ನು ಒಪ್ಪಿಸಿದ ಅಮೆರಿಕ ರಾಷ್ಟ್ರದ ಉತ್ಪನ್ನದ ನೂರಕ್ಕೆ 17ರಷ್ಟನ್ನು ಆರೋಗ್ಯಕ್ಕೆ ಸುರಿಯುತ್ತದೆ. ಆದರೂ 2023ರಲ್ಲಿ ಅಲ್ಲಿ ಸುಮಾರು 2.6 ಕೋಟಿ ಜನರಿಗೆ ಯಾವ ವಿಮೆಯೂ ಇರಲಿಲ್ಲ. ಸಾರ್ವಜನಿಕ ಬೊಕ್ಕಸದಿಂದ ನಡೆಸುವ ಇಂಗ್ಲೆಂಡ್, ಕೆನಡಾಗಳು ಅದಕ್ಕಿಂತ ಎಷ್ಟೋ ಕಡಿಮೆ ಖರ್ಚು ಮಾಡಿ ಎಲ್ಲರನ್ನೂ ಒಳಗೆ ಸೇರಿಸಿಕೊಂಡಿವೆ. ಸರದಿ ಕಾಯುವುದು ಅಲ್ಲಿ ಉಂಟು, ದೂರುಗಳೂ ಉಂಟು. ಆದರೆ ಎತ್ತು ಮಾರುವುದಿಲ್ಲ. ಡಾಕ್ಟರರು ಒಪ್ಪುವುದಿಲ್ಲವೆಂಬ ಮಾತೂ ಇದೆ. ಕೆನಡಾದ ಸಸ್ಕ್ಯಾಚುವಾನ್ ಪ್ರಾಂತದಲ್ಲಿ 1962ರಲ್ಲಿ ಈ ಕಾನೂನು ಬಂದಾಗ ಡಾಕ್ಟರರು 23 ದಿನ ಮುಷ್ಕರ ಹೂಡಿದರು. ಸರಕಾರ ಗಟ್ಟಿಯಾಗಿ ನಿಂತಿತು, ಮುಂದೆ ಇಡೀ ದೇಶವೇ ಆ ದಾರಿಗೆ ಬಂತು. 2023ರಲ್ಲಿ ರಾಜಸ್ಥಾನವು ಆರೋಗ್ಯದ ಹಕ್ಕಿನ ಕಾನೂನು ಮಾಡಿದಾಗ ಅಲ್ಲಿಯೂ ಖಾಸಗಿ ಡಾಕ್ಟರರು ಬೀದಿಗಿಳಿದರು. ಮಾತುಕತೆಯಿಂದ ಅದು ನಿಂತಿತು. ಡಾಕ್ಟರರು ನಮ್ಮ ವೈರಿಗಳಲ್ಲ. ಹಳ್ಳಿಗೆ ಹೋದ ಡಾಕ್ಟರರಿಗೆ ಮನೆ, ಔಷಧ, ದಾದಿಯರು, ಮಕ್ಕಳಿಗೆ ಶಾಲೆ ಬೇಡವೇ? ಅದನ್ನು ಕೊಡದೆ ಅವರನ್ನು ಬೈಯುವುದು ಅನ್ಯಾಯ.

ಆದ್ದರಿಂದ ನಮ್ಮ ಬೇಡಿಕೆಗಳು ಮೂರು. ಒಂದು: ಕಾರ್ಡಿಗೆ ಹಣ ಕೊಡುವ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಟರರೂ ದಾದಿಯರೂ ದಿನನಿತ್ಯದ ಗುಳಿಗೆಗಳೂ ಇರಬೇಕು, ಎಷ್ಟು ಜಾಗೆ ಮಂಜೂರು, ಎಷ್ಟು ಖಾಲಿ ಎಂಬುದನ್ನು ಬಾಗಿಲ ಮೇಲೆ ಬರೆದು ಹಾಕಬೇಕು. ಎರಡು: 2017ರಲ್ಲಿ ಕೊಟ್ಟ ನೂರಕ್ಕೆ 2.5ರ ಮಾತನ್ನು ಕೇಂದ್ರ ಮತ್ತು ರಾಜ್ಯ ಸರಕಾರಗಳು ನಡೆಸಬೇಕು. ಮೂರು: ಕರ್ನಾಟಕ, ಮಹಾರಾಷ್ಟ್ರ, ಗೋವೆ ಈ ಮೂರೂ ಸರಕಾರಗಳು ಕೂತು ಒಂದು ಕರಾರು ಮಾಡಿಕೊಳ್ಳಬೇಕು. ಬೆಳಗಾವಿಯಾಗಲಿ, ಕೊಲ್ಲಾಪುರವಾಗಲಿ, ಬಾಂಬೋಳಿಯಾಗಲಿ, ಹತ್ತಿರದ ಸರಕಾರಿ ದವಾಖಾನೆಗೆ ಬಂದ ರೋಗಿಗೆ ಮೊದಲು ಚಿಕಿತ್ಸೆ. ಲೆಕ್ಕಪತ್ರ ಆಮೇಲೆ, ಸರಕಾರ ಸರಕಾರಗಳ ನಡುವೆ. ಕೋರ್ಟಿನ ದಾವೆ ಕೋರ್ಟಿನಲ್ಲಿ ನಡೆಯಲಿ. ರೋಗಿಯ ಹಾಸಿಗೆಯ ಬಳಿ ಅದನ್ನು ನಡೆಸುವುದು ಬೇಡ.

ಆ ಹಿರಿಯ ಹಮಾಲ ಮಿತ್ರರಿಗೆ ನಮ್ಮ ಉತ್ತರ ಇಷ್ಟೇ. ಅಮೆರಿಕದವರ ಜಗಳದಿಂದ ನಮಗೆ ಆಗಬೇಕಾದದ್ದು ಒಂದಿದೆ: ಕೇಳುವುದನ್ನು ಕಲಿಯುವುದು. ಸುವರ್ಣ ಸೌಧದಲ್ಲಿ ಅಧಿವೇಶನ ಸೇರಿದಾಗಲೆಲ್ಲ ಗಡಿಯ ಮಾತು ಕೇಳಿಬರುತ್ತದೆ. ಚುನಾವಣೆ ಬಂದಾಗ ಭಾಷೆಯ ಮಾತು ಕೇಳಿಬರುತ್ತದೆ. ಇನ್ನು ಮುಂದೆ ಮತ ಕೇಳಲು ಯಾವ ಪಕ್ಷದವರೇ ಬರಲಿ, ನಮ್ಮವರೇ ಬರಲಿ, ಕಟ್ಟೆಯ ಮೇಲೆ ಕೂಡ್ರಿಸಿ ಚಹಾ ಕೊಡಿರಿ, ಆಮೇಲೆ ಕೇಳಿರಿ: ನಮ್ಮೂರಿಗೆ ಡಾಕ್ಟರರು ಯಾವ ತಾರೀಖಿನಿಂದ ಬರುತ್ತಾರೆ? ಅವರ ಪಗಾರಕ್ಕೆ ಹಣ ಯಾವ ಬಾಬಿನಿಂದ ತೆಗೆಯುತ್ತೀರಿ? ಉತ್ತರ ಬರುವವರೆಗೆ ಅವರನ್ನು ಏಳಗೊಡಬೇಡಿರಿ.